ಅಜ್ಜಿಯ ಕಟ್ಟಿಗೆ ಗಾಲಿ, ಚಾಚಾನ ಮುಕ್ಕಾಲಿ

ಗ್ಯಾರೇಜಿನಲ್ಲಿ ದುಡಿದವನಿಗೆ ನಗುವಿನ ಬರ ಇರುವುದಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ ಎಷ್ಟೇ ಬಿಗುವಾಗಿರುವ ಮನುಷ್ಯನಾದರೂ ಗಾಡಿ ಕೆಟ್ಟು ನಿಂತ ಕೂಡಲೇ ಒಳಗಿನ ಬಣ್ಣ ಹೊರಗೆ ಬಿಡುತ್ತಾನೆ. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದ ಕಾಲದಲ್ಲಿ ನಾನು ಮುಂಬಯಿಯ ಬೈಕುಲ್ಲಾದ ಒಂದು ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದೆ. ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಿತ್ತು. ಎಲ್ಲವನ್ನೂ ಹೇಳುತ್ತ ಕೂತರೆ ನಿಮ್ಮ ಚಹಾ ಆರಿಹೋಗುತ್ತದೆ. ಒಂದೇ ಒಂದು ಕಾರಿನ ಸುತ್ತ ನಡೆದದ್ದನ್ನಷ್ಟೇ ಹೇಳುತ್ತೇನೆ.

ಒಂದು ಗಾಡಿ ಕುಳ್ಳು

ನಮ್ಮ ಮನೆತನದ ಕಸುಬು ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಚಕ್ಕಡಿ ಗಾಲಿ ಮಾಡುವುದು. ಕೆಲಸ ಕೇಳಲು ಹೋದ ದಿನ ಗ್ಯಾರೇಜಿನ ಶೇಠ್ ನಿನಗೆ ಏನೇನು ಬರುತ್ತದೆ ಎಂದು ಕೇಳಿದರು. ಮೋಟಾರಿನ ವಿಚಾರದಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೇ ಇತ್ತು. ಆದ್ದರಿಂದ ಕಟ್ಟಿಗೆ ಗಾಲಿಯ ಕೆಲಸವಾದರೆ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಎಂದುಬಿಟ್ಟೆ. ಮುಂಬಯಿಯಲ್ಲಿ ಕಟ್ಟಿಗೆ ಗಾಲಿಯ ಕಾರು ಎಲ್ಲಿಂದ ಬರಬೇಕು ಎಂಬ ಧೈರ್ಯ ನನ್ನದು.

ಶೇಠ್ ಮೂಲೆಗೆ ಕೈ ತೋರಿಸಿದರು. ಅಲ್ಲಿ ವಾರ್ನಿಶಿಗೆಂದು ಬಂದ ಒಂದು ಹಳೇ ಕಾರು ನಿಂತಿತ್ತು. ಬಟ್ಟೆಯ ಹುಡ್ಡು, ಹಿತ್ತಾಳೆಯ ದೀಪಗಳು, ಸ್ಟೀರಿಂಗಿನ ಪಕ್ಕದಲ್ಲಿ ರಬ್ಬರ್ ಬುರುಡೆಯ ಹಾರ್ನು. ಗಾಲಿಗಳು ನಾಲ್ಕೂ ಕಟ್ಟಿಗೆಯವು, ಒಂದೊಂದಕ್ಕೂ ಹನ್ನೆರಡು ದುಂಡನೆಯ ಕಡ್ಡಿ. ನನ್ನಪ್ಪ ಜೀವಮಾನವಿಡೀ ಕೊರೆದರೂ ಅಷ್ಟು ನಯ ಬರುತ್ತಿರಲಿಲ್ಲ. ಯಾವ ದೇಶದ ಯಾವ ಬಡಿಗ ಮಾಡಿದ್ದೋ ಎಂದು ಬೆರಗಾಗಿ ನಿಂತೆ. ಹಿಂದಿನ ಒಂದು ಗಾಲಿಗೆ ಟೈರ್ ಇರಲಿಲ್ಲ. ಶೇಠ್ ಅದನ್ನು ಹಾಕು ಎಂದು ಹೇಳಿ ಒಳಗೆ ಹೋದರು.

ನಮ್ಮೂರಲ್ಲಿ ಗಾಲಿಗೆ ಕಬ್ಬಿಣದ ಹಳಿ ಏರಿಸಬೇಕಾದರೆ ಅದನ್ನು ಕುಳ್ಳಿನ, ಅಂದರೆ ಬೆರಣಿಯ, ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದು ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಕಚ್ಚಿಕೊಳ್ಳುತ್ತದೆ. ಟೈರ್ ಎಂದರೂ ಹಳಿಯೇ, ರಬ್ಬರಾದ್ದರಿಂದ ಕಾವು ಸ್ವಲ್ಪ ಕಡಿಮೆ ಸಾಕು ಎಂದು ಲೆಕ್ಕ ಹಾಕಿದೆ. ಹತ್ತಿರದ ಎಮ್ಮೆ ತಬೇಲಾದಿಂದ ಒಂದು ಗಾಡಿ ಕುಳ್ಳು ತರಿಸಿ, ಅಂಗಳದಲ್ಲಿ ದುಂಡಗೆ ಒಟ್ಟಿ, ಮೇಲೆ ಟೈರ್ ಮಲಗಿಸಿ ಕಡ್ಡಿ ಗೀರಿದೆ.

ಹಿಂದಿನಿಂದ ಯಾರದೋ ಕೈ ಬಂದು ಉರಿಯುವ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಸುಕಿ ಆರಿಸಿತು. ತಿರುಗಿ ನೋಡಿದರೆ ಬಿಳಿ ಗಡ್ಡ, ನೀಲಿ ಲುಂಗಿಯ ಮುದುಕ. ಗ್ಯಾರೇಜಿನ ಹಿರಿಯ ಮಿಸ್ತ್ರಿ, ಎಲ್ಲರಿಗೂ ಚಾಚಾ. ಆತ ಸಿಟ್ಟಾಗಲಿಲ್ಲ. ಬಹಳ ಮೃದುವಾದ ಹಿಂದಿಯಲ್ಲಿ, "ಬೇಟಾ, ನಿಮ್ಮೂರಲ್ಲಿ ಕಾರಿಗೆ ಹುಲ್ಲನ್ನೂ ಹಾಕುತ್ತೀರಾ?" ಎಂದು ಕೇಳಿದ.

ಆಮೇಲೆ ಗೋಡೆಯ ಮೊಳೆಯಿಂದ ಒಂದು ಸಲಕರಣೆ ಇಳಿಸಿದ. ನಡುವೆ ದುಂಡು ತಟ್ಟೆ, ಅದರಿಂದ ಮೂರು ಕಡೆಗೆ ಚಾಚಿದ ಮೂರು ಕಬ್ಬಿಣದ ತೋಳು, ತೋಳಿನ ತುದಿಗೆ ಕೊಕ್ಕೆ, ತಟ್ಟೆಗೆ ಸಿಕ್ಕಿಸುವ ಒಂದು ಉದ್ದನೆಯ ಹಿಡಿ. ಲೇತ್ ಮೆಶಿನ್ನಿನ ಹಲ್ಲುಗಳನ್ನು ನೋಡಿ ಆತ ತಾನೇ ಮಾಡಿಕೊಂಡದ್ದಂತೆ. ಆತ ಅದನ್ನು ತಿಪಾಯಿ ಎನ್ನುತ್ತಿದ್ದ, ನನಗೆ ಅದು ಮುಕ್ಕಾಲಿ.

ಆ ಕಾರಿನಲ್ಲಿ ಟೈರ್ ಕೂರುವುದು ಒಂದು ಕಬ್ಬಿಣದ ರಿಮ್ಮಿನ ಮೇಲೆ. ರಿಮ್ಮನ್ನು ಬೋಲ್ಟು ಬಿಚ್ಚಿ ಕಟ್ಟಿಗೆ ಗಾಲಿಯಿಂದ ಕಳಚಬಹುದು, ಅದಕ್ಕೆ ಒಂದು ಕಡೆ ಅಡ್ಡ ಸೀಳಿರುತ್ತದೆ. ಚಾಚಾ ರಿಮ್ಮನ್ನು ಒಂದು ಪೀಪಾಯಿಯ ಮೇಲೆ ಮಲಗಿಸಿದ. ಮುಕ್ಕಾಲಿಯನ್ನು ಒಳಗಿಟ್ಟು ಕೊಕ್ಕೆ ಸಿಕ್ಕಿಸಿ, ಹಿಡಿಯನ್ನು ಎರಡೇ ಬೆರಳಲ್ಲಿ ಎಡಕ್ಕೆ ತಿರುಗಿಸಿದ. ತೋಳುಗಳು ಒಳಗೆ ಸರಿದವು, ಸೀಳಿನ ಒಂದು ತುದಿ ಇನ್ನೊಂದರ ಕೆಳಗೆ ನುಸುಳಿತು, ಅಷ್ಟು ದಪ್ಪ ಕಬ್ಬಿಣದ ಬಳೆ ಕಣ್ಣೆದುರೇ ಸಣ್ಣದಾಯಿತು. ಅದರ ಮೇಲೆ ಟೈರ್ ಇಳಿಸಿ ಹಿಡಿಯನ್ನು ಬಲಕ್ಕೆ ತಿರುಗಿಸಿದ. ರಿಮ್ಮು ಹಿಗ್ಗಿ ಟೈರ್ ಒಳಗೆ ಟಪ್ ಎಂದು ಕೂತಿತು. ಸುತ್ತಿಗೆ ಇಲ್ಲ, ಬೆವರಿಲ್ಲ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಜೀವನದಲ್ಲಿ ಒಂದು ಸಲವಾದರೂ ಆ ಹಿಡಿಯನ್ನು ನನ್ನ ಕೈಯಿಂದ ತಿರುಗಿಸಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಕೈ ಚಾಚಿದೆ. ಚಾಚಾ, "ಅಭೀ ನಹೀಂ" ಎಂದ. ಈಗಲೇ ಅಲ್ಲ. ಮುಂದಿನ ಎರಡು ವರ್ಷ ನಾನು ಕೇಳಿದಾಗಲೆಲ್ಲ ಅದೇ ಎರಡು ಶಬ್ದ.

ಶೇಠ್‌ಗೆ ನನ್ನ ಹೆಸರು ಕೊನೆಯವರೆಗೂ ಗೊತ್ತಾಗಲೇ ಇಲ್ಲ. ಅವರು ನನ್ನನ್ನು ಗೋಬರ್, ಎಂದರೆ ಸಗಣಿ, ಎಂದೇ ಕರೆದರು.

ಒಂದು ಸಾಲು ಹೆಣಿಗೆ

ಆ ಕಾರು ಒಬ್ಬ ಪಾರ್ಸಿ ಅಜ್ಜಿಯದು. ವಯಸ್ಸು ಎಪ್ಪತ್ತರ ಆಚೆ. ಗಂಡ ತೀರಿಕೊಂಡ ಮೇಲೆ ಡ್ರೈವರನ್ನು ಇಟ್ಟುಕೊಳ್ಳದೆ ತಾವೇ ಓಡಿಸುತ್ತಿದ್ದರು. ಅವರಿಗೊಂದು ನೇಮವಿತ್ತು. ಪಂಕ್ಚರ್ ಆದರೆ ಕಾರಿನಿಂದ ಇಳಿಯುವುದಿಲ್ಲ.

ಮದುವೆಯಾದ ಹೊಸದರಲ್ಲಿ ಮೊದಲ ಪಂಕ್ಚರ್ ಆದಾಗ ಗಂಡ, ನೀನು ಇಳಿಯಬೇಡ, ಕೂತಿರು, ಈಗ ಆಗಿಹೋಗುತ್ತದೆ ಎಂದಿದ್ದರಂತೆ. ಅಂದಿನಿಂದ ಅಜ್ಜಿ ಇಳಿದಿಲ್ಲ. ಗಂಡ ಹೋಗಿ ಹತ್ತು ವರ್ಷವಾದರೂ ಆ ಮಾತನ್ನು ಮೀರಿಲ್ಲ. ನಾವು ಅಜ್ಜಿಯ ಸಮೇತ ಕಾರನ್ನು ಜಾಕಿನ ಮೇಲೆ ಎತ್ತಬೇಕು. ಅವರು ಮೇಲೆ ಕೂತು ಚೀಲದಿಂದ ಉಣ್ಣೆ ತೆಗೆದು ಸ್ವೆಟರ್ ಹೆಣೆಯುತ್ತಿದ್ದರು. ಚಾಚಾನ ಕೈಯಲ್ಲಿ ಟೈರ್ ಬದಲಾಗುವುದಕ್ಕೂ ಅವರ ಒಂದು ಸಾಲು ಮುಗಿಯುವುದಕ್ಕೂ ಸರಿಹೋಗುತ್ತಿತ್ತು.

ಒಮ್ಮೆ ಅಜ್ಜಿ ಪಂಕ್ಚರ್ ಆದ ಕಾರು ತಂದಾಗ ಚಾಚಾ ಜ್ವರದಿಂದ ಮಲಗಿದ್ದ. ಮುಕ್ಕಾಲಿ ಗೋಡೆಯ ಮೇಲಿತ್ತು, ಆದರೆ ನನಗೆ ಮುಟ್ಟುವ ಅಪ್ಪಣೆ ಇರಲಿಲ್ಲ. ಶೇಠ್ ಹೊಸ ಟೈರ್ ಅಂಗಡಿಯ ಒಬ್ಬ ಜಾಣನನ್ನು ಕರೆಸಿದರು. ಆತ ಮುಕ್ಕಾಲಿಯನ್ನು ನೋಡಿ ನಕ್ಕು, ಇಂಥ ಅಜ್ಜನ ಕಾಲದ ಸಾಮಾನು ಯಾಕೆ, ಎರಡು ಲಿವರ್ ಸಾಕು ಎಂದ. ಲಿವರ್ ತೂರಿಸಿ ಮೀಟಿದ. ಒಂದು ಕಡೆ ಎದ್ದ ಟೈರ್ ಇನ್ನೊಂದು ಕಡೆ ಕೂರುತ್ತಿತ್ತು. ಕೋಟು ತೆಗೆದ, ಆಮೇಲೆ ಟೈ ತೆಗೆದ, ಆಮೇಲೆ ರಿಮ್ಮಿನ ಮೇಲೆ ನಿಂತು ಕುಣಿದ. ಲಿವರ್ ಒಂದು ಹಾರಿ ಪಕ್ಕದ ಹೋಟೆಲಿನ ಬೋರ್ಡಿಗೆ ಬಡಿಯಿತು.

ಅಜ್ಜಿ ಮೇಲೆ ಕೂತು ಹೆಣೆಯುತ್ತಲೇ ಇದ್ದರು. ಕೊನೆಗೆ ಸುದ್ದಿ ಕೇಳಿ ಚಾಚಾ ಕಂಬಳಿ ಹೊದ್ದುಕೊಂಡೇ ಬಂದ. ಮುಕ್ಕಾಲಿ ಇಳಿಸಿ, ಎರಡು ಬೆರಳಲ್ಲಿ ತಿರುಗಿಸಿ, ಮತ್ತೆ ಮಲಗಲು ಹೊರಟುಹೋದ. ಜಾಣ ತನ್ನ ಟೈ ಹುಡುಕುತ್ತಿದ್ದ. ಅಜ್ಜಿ ಅವನನ್ನು ಹತ್ತಿರ ಕರೆದು ಸ್ವಂತ ಮಗನಿಗೆನ್ನುವಂತೆ ತುಂಬ ಪ್ರೀತಿಯಿಂದ ಹೇಳಿದರು: "ಥ್ಯಾಂಕ್ಯೂ ಡೀಕ್ರಾ. ನಿನ್ನಿಂದಾಗಿ ಮೊಮ್ಮಗನ ಸ್ವೆಟರ್ ಪೂರ್ತಿ ಆಯಿತು."

ಹಿಂಗಿನ ವಾಸನೆ

ಪಕ್ಕದ ಹೋಟೆಲು ಉಡುಪಿ ಕಡೆಯ ಶೆಟ್ಟರದು. ಅವರೂ ನಾನೂ ಕನ್ನಡದವರಾದರೂ ನನ್ನ ಮಾತು ಅವರಿಗೆ ಜಗಳದ ಹಾಗೆ, ಅವರ ಮಾತು ನನಗೆ ಪುಸ್ತಕದ ಹಾಗೆ ಕೇಳುತ್ತಿತ್ತು. ಆದರೂ ಬೈಕುಲ್ಲಾದಲ್ಲಿ ಅವರೇ ನನ್ನ ಬಂಧು ಬಳಗ.

ಒಂದು ಭಾನುವಾರ ನೋಡಿದರೆ ಮುಕ್ಕಾಲಿ ಮಾಯ. ಚಾಚಾನ ಮುಖ ಬಿಳಿಚಿಕೊಂಡಿತು. ಮೂಲೆ ಮೂಲೆ ಹುಡುಕಿದೆವು, ಗುಜರಿಯವನನ್ನು ತಡೆದು ಚೀಲ ಬಿಚ್ಚಿಸಿದೆವು. ಕೊನೆಗೆ ನಾನು ಸೋತು ಹೋಟೆಲಿನ ಒಳಗೆ ಹೋಗಿ ನೀರು ಕೇಳಿದೆ. ಅಡುಗೆ ಕೋಣೆಯಲ್ಲಿ ಸೊಂಟದೆತ್ತರದ ಸಾಂಬಾರಿನ ಕೊಳಗ ನಿಂತಿತ್ತು. ಅದರ ಕೆಳಗೆ ಮೂರು ತೋಳು ಚಾಚಿಕೊಂಡು ನಮ್ಮ ಮುಕ್ಕಾಲಿ.

"ಶೆಟ್ರ, ಏನ್ ಮಾಡೀರಿ ಇದು?" ಎಂದೆ.

"ನಮ್ಮ ಸ್ಟ್ಯಾಂಡಿನ ಕಾಲು ಮುರಿಯಿತು ಮಾರಾಯ್ರೆ. ಭಾನುವಾರದ ರಶ್. ನಿಮ್ಮದು ಗೋಡೆಯಲ್ಲಿ ಸುಮ್ಮನೆ ನೇತಾಡ್ತಾ ಉಂಟಲ್ಲ ಅಂತ ತಂದದ್ದು."

ಈಗ ರೇಗಾಟ ಶುರುವಾಗುತ್ತದೆ ಎಂದು ನಾನು ಹೆದರಿದೆ. ಚಾಚಾ ಒಳಗೆ ಬಂದು, ಬಗ್ಗಿ, ಕೊಳಗದ ಅಂಚನ್ನು ಒಂದು ಕಣ್ಣು ಮುಚ್ಚಿ ನೋಡಿದ. ಸಾಂಬಾರು ಒಂದು ಕೂದಲಿನಷ್ಟೂ ಯಾವ ಕಡೆಗೂ ವಾಲಿರಲಿಲ್ಲ. ತಾನು ಮಾಡಿದ ಮೂರು ತೋಳೂ ಒಂದೇ ಸಮ ಎಂಬುದಕ್ಕೆ ಅಂಥ ಪುರಾವೆ ಆತನಿಗೂ ಅದುವರೆಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಗಡ್ಡ ಸವರಿಕೊಂಡು, ಕೊಳಗ ಖಾಲಿಯಾಗುವವರೆಗೂ ಕೂತು ಎರಡು ಪ್ಲೇಟ್ ಇಡ್ಲಿ ತಿಂದ.

ಮರುವಾರ ಅದೇ ಮುಕ್ಕಾಲಿಯಿಂದ ಅಜ್ಜಿಯ ಟೈರ್ ಬದಲಿಸಿ ಕಳಿಸಿದೆವು. ಎರಡೇ ದಿನಕ್ಕೆ ತಿರುಗಿ ಬಂದರು. ಗಾಡಿ ಚೆನ್ನಾಗಿ ಓಡುತ್ತಿದೆ, ಆದರೆ ಸಾಂತಾಕ್ರೂಜ್‌ವರೆಗೆ ಹೋಗಿ ಬರುವಷ್ಟರಲ್ಲಿ ಯಾಕೋ ವಿಪರೀತ ಹಸಿವಾಗುತ್ತದೆ ಎಂದರು.

ಕುದುರೆ ತೊಟ್ಟಿ

ಮೇ ತಿಂಗಳ ಬಿಸಿಲಿಗೆ ಅಜ್ಜಿಯ ಗಾಲಿಗಳು ಕಿರುಗುಡಲು ಶುರುಮಾಡಿದವು. ಕಟ್ಟಿಗೆ ಒಣಗಿ ಕಡ್ಡಿಗಳು ಸಡಿಲವಾಗಿದ್ದವು. ಚಾಚಾ ಕಬ್ಬಿಣದ ಮನುಷ್ಯ, ಕಟ್ಟಿಗೆಯ ಮುಂದೆ ಆತನ ಕೈ ಕಟ್ಟಿಹೋಗಿತ್ತು. ಎರಡು ವರ್ಷ ಗೋಬರ್ ಎನಿಸಿಕೊಂಡವನ ದಿನ ಬಂದಿತ್ತು. ಬೇಸಿಗೆಯಲ್ಲಿ ನಮ್ಮೂರಲ್ಲಿ ಚಕ್ಕಡಿ ಗಾಲಿಯನ್ನು ಕೆರೆಗೆ ಹಾಕುತ್ತಾರೆ, ನೀರು ಕುಡಿದು ಕಟ್ಟಿಗೆ ಹಿಗ್ಗಿ ಬಿಗಿಯಾಗುತ್ತದೆ ಎಂದೆ.

ಬೈಕುಲ್ಲಾದಲ್ಲಿ ಕೆರೆ ಎಲ್ಲಿ? ರಸ್ತೆಯ ತಿರುವಿನಲ್ಲಿ ವಿಕ್ಟೋರಿಯಾ ಗಾಡಿಯ ಕುದುರೆಗಳಿಗೆಂದು ಕಟ್ಟಿದ ಕಲ್ಲಿನ ತೊಟ್ಟಿ ಇತ್ತು. ನಾನೂ ಚಾಚಾನೂ ಒಂದು ಗಾಲಿ ಉರುಳಿಸಿಕೊಂಡು ಹೋಗಿ ಅದರೊಳಗೆ ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ಒಬ್ಬ ವಿಕ್ಟೋರಿಯಾದವನು ಬಂದ. ಕುದುರೆ ನೀರಿಗೆ ಬಾಯಿ ಹಾಕಲು ಹೋಗಿ, ಗಾಲಿ ಕಂಡು, ಹಿಂದೆ ಸರಿದು ಯಜಮಾನನ ಮುಖ ನೋಡಿತು. ಆತ ಗಾಡಿಯಿಂದ ಇಳಿದು ಬಂದು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಮೊದಲು ಈ ಮೋಟಾರು ನನ್ನ ಕುದುರೆಯ ಗಿರಾಕಿಗಳನ್ನು ಕಿತ್ತುಕೊಂಡಿತು. ಈಗ ಅದರ ನೀರನ್ನೂ ಕುಡಿಯಲು ಬಂದಿತೇ?" ಎಂದ. ನಾವಿಬ್ಬರೂ ಗಾಲಿಯನ್ನು ಒಂದು ಪಕ್ಕಕ್ಕೆ ಸರಿಸಿ ಕುದುರೆಗೆ ಜಾಗ ಮಾಡಿಕೊಟ್ಟೆವು.

ವಾರದೊಳಗೆ ನಾಲ್ಕೂ ಗಾಲಿ ನೆನೆಸಿದೆವು. ಚಾಚಾ ಕಿವಿಯಿಟ್ಟು ಒಂದೊಂದು ಕಡ್ಡಿಯನ್ನೂ ಬಡಿದು ನೋಡಿದ. ಎಲ್ಲೂ ಕಿರಕ್ ಎನ್ನಲಿಲ್ಲ. ನನ್ನ ಬೆನ್ನು ತಟ್ಟಿದ. ಅಜ್ಜಿಯ ಮುಂದಿನ ಪಂಕ್ಚರಿಗೆ ತಿಪಾಯಿಯ ಹಿಡಿ ನಿನ್ನದು ಎಂದ.

ನನಗೆ ಅನ್ನ ಸೇರಲಿಲ್ಲ. ಜೂನ್ ಹೋಯಿತು, ಮಳೆ ಹೋಯಿತು, ಗಣಪತಿಯೂ ಬಂದು ಹೋದ. ಅಜ್ಜಿಯ ಟೈರುಗಳು ಕಲ್ಲುಗುಂಡಿನ ಹಾಗೆ ಗಟ್ಟಿ. ಗ್ಯಾರೇಜಿನವರು ಪಂಕ್ಚರ್ ಬಯಸುವುದು ಹೊಸದಲ್ಲ, ಆದರೆ ಇಡೀ ಮುಂಬಯಿಯಲ್ಲಿ ಒಂದೇ ಒಂದು ಕಾರಿಗಾಗಿ ಸಯನ್ ಬಡಾವಣೆಯ ಗುಡಿಯಲ್ಲಿ ತೆಂಗಿನಕಾಯಿ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು.

ನವಮಿಯ ಪಂಕ್ಚರ್

ಆ ಸಲ ನವಮಿಗೆ ನಮ್ಮ ಕಡೆಯ ಪದ್ಧತಿಯಂತೆ ಆಯುಧ ಪೂಜೆ ಮಾಡುತ್ತೇನೆಂದು ಶೇಠ್‌ರನ್ನು ಒಪ್ಪಿಸಿದ್ದೆ. ಅವರು ಮಧ್ಯಾಹ್ನಕ್ಕೇ ಕೆಲಸ ನಿಲ್ಲಿಸಿ ಮನೆಗೆ ಹೋದರು. ಜಾಕು, ಸ್ಪ್ಯಾನರು ಎಲ್ಲ ತೊಳೆದು ಸಾಲಾಗಿಟ್ಟೆ. ನಡುವೆ ಪೀಪಾಯಿ, ಅದರ ಮೇಲೆ ಮುಕ್ಕಾಲಿ. ಗಂಧ, ಕುಂಕುಮ, ಚೆಂಡು ಹೂವು. ಶೆಟ್ಟರು ಕಡಲೆ ಉಸ್ಲಿ ಮಾಡಿ ತಂದರು. ಚಾಚಾ ಸ್ನಾನ ಮಾಡಿ ಟೋಪಿ ಹಾಕಿಕೊಂಡು ಬಂದು, ಹೊಸ್ತಿಲ ಬಳಿ ಗೌರವದಿಂದ ನಿಂತಿದ್ದ. ಆರತಿ ಎತ್ತಿದೆ. ಒಮ್ಮೆ ಪೂಜೆಯಾದರೆ ಮರುದಿನ ಬೆಳಿಗ್ಗೆಯವರೆಗೆ ಆಯುಧ ಮುಟ್ಟುವ ಹಾಗಿಲ್ಲ.

ಆರತಿ ತಟ್ಟೆ ಕೆಳಗಿಡುವುದಕ್ಕೂ ಬಾಗಿಲಲ್ಲಿ ಆ ಕಾರು ಕುಂಟುತ್ತ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಹಿಂದಿನ ಎಡ ಟೈರ್ ನೆಲ ಕಚ್ಚಿತ್ತು. ಅಜ್ಜಿ ಆಗಲೇ ಉಣ್ಣೆ ತೆಗೆದಿದ್ದರು.

ಐದು ತಿಂಗಳು ಹಂಬಲಿಸಿದ್ದನ್ನು ದೇವರು ಕೊಟ್ಟಿದ್ದ, ಕೊಡುವ ದಿನವನ್ನು ಮಾತ್ರ ಹೀಗೆ ಆರಿಸಿದ್ದ. ಚಾಚಾನ ಮುಖ ನೋಡಿದೆ. ಪೂಜೆ ನಿನ್ನದು, ನೀನು ಹೇಳುವವರೆಗೆ ನಾನು ಮುಟ್ಟುವುದಿಲ್ಲ ಎಂದ.

"ಶೆಟ್ರ, ಪೂಜಾ ಆಗೇತಿ. ನಾಳೆ ಮುಂಜಾನಿತನಕಾ ಮುಟ್ಟಂಗಿಲ್ಲ," ಎಂದೆ. ಅಳು ಬರುವುದೊಂದು ಬಾಕಿ.

"ಹಾಗಾದ್ರೆ ಅಜ್ಜಿ ನಾಳೆವರೆಗೆ ಕೂತ್ಕೊಳ್ಳುದಾ ಮಾರಾಯ್ರೆ? ಅವರು ಇಳಿಯುವ ಜನ ಅಲ್ಲ," ಎಂದು ಶೆಟ್ಟರು ಯೋಚಿಸಿದರು. "ಪ್ರಸಾದ ಕೇಳುವ. ಹೂ ಬಲಕ್ಕೆ ಬಿದ್ರೆ ಅಪ್ಪಣೆ ಆಯ್ತು ಅಂತ ಲೆಕ್ಕ."

ಮುಕ್ಕಾಲಿಯ ಹಿಡಿಯ ತುದಿಗೆ ಒಂದು ಹೂವಿಟ್ಟು ಮೂವರೂ ಕೈ ಕಟ್ಟಿ ನಿಂತೆವು. ಕಾರಿನೊಳಗಿಂದ ಅಜ್ಜಿ ಯಾತಕ್ಕೆ ತಡ ಎಂದು ಕೇಳಿದರು. ತಿಪಾಯಿಯ ಅಪ್ಪಣೆಗೆ ಕಾಯುತ್ತಿದ್ದೇವೆ ಎಂದು ಚಾಚಾ ತಿಳಿಸಿದ. ಅದು ಸರಿ ಎನ್ನುವಂತೆ ಅಜ್ಜಿ ತಲೆಯಾಡಿಸಿ ಹೆಣಿಗೆ ಮುಂದುವರಿಸಿದರು. ಒಂದು ಸಾಲಾಯಿತು, ನಾಲ್ಕು ಸಾಲಾಯಿತು. ನಾನು ಭಕ್ತಿಯಿಂದ ಬಳಿದ ಗಂಧಕ್ಕೆ ಹೂವು ಅಂಟಿಕೊಂಡಿತ್ತು. ಕೊನೆಗೆ ಅಜ್ಜಿಯ ತಾಳ್ಮೆ ತಪ್ಪಿತು. ಬುರುಡೆ ಹಿಸುಕಿ ಪೋಂ ಎಂದು ಹಾರ್ನ್ ಹೊಡೆದರು. ಕಟ್ಟಡವೇ ಅದುರಿತು. ಹೂವು ಬಿತ್ತು, ಬಲಕ್ಕೆ.

"ಆಯ್ತು," ಎಂದರು ಶೆಟ್ಟರು, ಹೂವನ್ನು ಕಣ್ಣಿಗೊತ್ತಿಕೊಂಡು. ಜಾಕು, ಸ್ಪ್ಯಾನರುಗಳನ್ನೂ ಬೇರೆ ಬೇರೆ ಕೇಳಬೇಕೇ ಎಂದೆ. ದೊಡ್ಡದೇ ಒಪ್ಪಿದ ಮೇಲೆ ಚಿಕ್ಕವರ ಹತ್ತಿರ ಎಂತ ಕೇಳುವುದು ಎಂದು ತೀರ್ಪು ಕೊಟ್ಟರು.

ಅಜ್ಜಿಯ ಸಮೇತ ಕಾರನ್ನು ಜಾಕಿನ ಮೇಲೆತ್ತಿ, ರಿಮ್ಮು ಕಳಚಿ ಪೀಪಾಯಿಯ ಮೇಲಿಟ್ಟೆವು, ಮುಕ್ಕಾಲಿ ಸಿಕ್ಕಿಸಿದೆವು. ಚಾಚಾ ಹಿಂದೆ ಸರಿದು ನಿಂತ. "ಹಿಡಿ. ಎಡಕ್ಕೆ ತಿರುಗಿಸು," ಎಂದ.

ಕೈ ಹಿಡಿಯ ಮೇಲೆಯೇ ನಿಂತುಬಿಟ್ಟಿತು. ಟೈರ್ ತೆಗೆಯುವಾಗ ಎಡಕ್ಕೇ ತಿರುಗಿಸಬೇಕು, ಎರಡು ವರ್ಷ ನೋಡಿದ್ದೇನೆ. ಆದರೆ ಇವತ್ತು ಅದಕ್ಕೆ ಆರತಿ ಆಗಿದೆ, ಪ್ರಸಾದವನ್ನೂ ಕೊಟ್ಟಿದೆ. ದೇವರನ್ನು ಯಾರಾದರೂ ಎಡಕ್ಕೆ ಸುತ್ತುತ್ತಾರೆಯೇ? ಯಾರಿಗೂ ಹೇಳದೆ ಬಲಕ್ಕೆ ತಿರುಗಿಸಿದೆ. ಅರ್ಧ ಸುತ್ತಿಗೆ ಕಟ್ ಎಂದಿತು. ರಿಮ್ಮು ಇನ್ನಷ್ಟು ಹಿಗ್ಗಿ ಟೈರಿಗೆ ಕಚ್ಚಿಕೊಂಡಿತು.

ಚಾಚಾ ಉಲ್ಟಾ ಎಂದ. ನಾನು ಕಾರಣ ಹೇಳಿದೆ. ಶೆಟ್ಟರು, ಅದೂ ಹೌದಲ್ಲ, ಅಪ್ರದಕ್ಷಿಣೆ ಆಗ್ತದೆ ಎಂದು ನನ್ನ ಪಕ್ಷಕ್ಕೇ ಬಂದರು. ಬೇರೆ ಯಾರಾದರೂ ಆಗಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಚಾಚಾ ಪೀಪಾಯಿಯ ಸುತ್ತ ಒಮ್ಮೆ ನಡೆದ, ಗಡ್ಡ ತುರಿಸಿಕೊಂಡ, ನಿಂತ.

"ನೀನು ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲು. ಅಲ್ಲಾಡಬೇಡ. ನಾವು ರಿಮ್ಮನ್ನು ತಿರುಗಿಸುತ್ತೇವೆ, ಬಲಕ್ಕೆ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಹಿಡಿ ನಿಂತಲ್ಲೇ ಇದ್ದು ರಿಮ್ಮು ಬಲಕ್ಕೆ ಸುತ್ತಿದರೆ, ರಿಮ್ಮಿನ ಪಾಲಿಗೆ ಹಿಡಿ ಎಡಕ್ಕೆ ತಿರುಗಿದಂತೆಯೇ. ಕೆಲಸವೂ ಆಗುತ್ತದೆ, ದೇವರಿಗೆ ಪ್ರದಕ್ಷಿಣೆಯೂ ಆಗುತ್ತದೆ. ಈ ಬುದ್ಧಿಗೆ ಏನು ಹೇಳಲಿ? ಆ ಮುದುಕನ ಕಾಲಿಗೆ ಬೀಳಬೇಕೆನಿಸಿತು, ಆದರೆ ಹಿಡಿ ಬಿಡುವ ಹಾಗಿರಲಿಲ್ಲ.

ಚಾಚಾ ಒಂದು ಕಡೆ, ಶೆಟ್ಟರು ಒಂದು ಕಡೆ ಹಿಡಿದು ನೂಕಿದರು. ನಾನು ಮಾಡಿಟ್ಟ ಅರ್ಧ ಸುತ್ತು ಬಿಡಲಿಲ್ಲ. ಇನ್ನೊಂದು ಜೊತೆ ಕೈ ಬೇಕಿತ್ತು. ರಸ್ತೆಯಲ್ಲಿ ಹಬ್ಬದ ದಿನ ಯಾರೂ ಇಲ್ಲ. ಮೂವರೂ ಒಟ್ಟಿಗೆ ತಲೆಯೆತ್ತಿ ಕಾರಿನ ಕಡೆ ನೋಡಿದೆವು, ಒಟ್ಟಿಗೇ ಕಣ್ಣು ತಗ್ಗಿಸಿದೆವು.

ಅಜ್ಜಿ ಸೂಜಿಗಳನ್ನು ಉಣ್ಣೆಗೆ ಚುಚ್ಚಿ ಚೀಲದಲ್ಲಿಟ್ಟರು. ಬಾಗಿಲು ತೆರೆದರು. ಜಾಕಿನ ಮೇಲಿದ್ದ ಕಾರಿನಿಂದ ಸೀರೆಯ ಅಂಚು ಎತ್ತಿ ಹಿಡಿದು, ಮೆಟ್ಟಿಲ ಮೇಲೆ ಒಂದು ಕಾಲು, ಆಮೇಲೆ ನೆಲದ ಮೇಲೆ ಇನ್ನೊಂದು.

"ಕೂತಿರು ಅಂತ ಅವರು ಹೇಳಿದ್ದು ಟೈರ್ ಬದಲಿಸುವಾಗ," 
ಎಂದರು ಅಜ್ಜಿ. "ಇದು ಪೂಜೆ. ಪೂಜೆಯಲ್ಲಿ ಕೂತಿದ್ದರೆ ಅವರೇ ಬೈಯುತ್ತಿದ್ದರು."

ಮೂವರೂ ರಿಮ್ಮು ಹಿಡಿದರು. ನೀಲಿ ಲುಂಗಿ, ಬಿಳಿ ಪಂಚೆ, ಲೇಸ್ ಅಂಚಿನ ರೇಶ್ಮೆ ಸೀರೆ. ಮೊದಲ ಸುತ್ತು ಕಷ್ಟದಲ್ಲಿ, ಎರಡನೆಯದು ಸರಾಗ, ಮೂರನೆಯ ಸುತ್ತಿಗೆ ಟೈರ್ ಬಳೆಯ ಹಾಗೆ ಸಡಿಲಾಗಿ ಕೆಳಗೆ ಜಾರಿತು. ನಾನು ನಡುವೆ ಕಂಬದಂತೆ ನಿಂತಿದ್ದೆ. ಎರಡು ವರ್ಷ ಕಾದ ಹಿಡಿ ಕೈಗೆ ಬಂದ ದಿನ ಅದನ್ನು ಒಂದಿಷ್ಟೂ ತಿರುಗಿಸಲಿಲ್ಲ, ಉಳಿದವರೆಲ್ಲ ನನ್ನ ಸುತ್ತ ತಿರುಗಿದರು.

ಹೊಸ ಟೈರ್ ಕೂರಿಸಲು ಮಾತ್ರ ಬಲಕ್ಕೇ ತಿರುಗಿಸಬೇಕಿತ್ತು. ಚಾಚಾ ಕಣ್ಣಲ್ಲೇ ಅಪ್ಪಣೆ ಕೊಟ್ಟ. ತಿರುಗಿಸಿದೆ. ಎರಡು ಬೆರಳು ಸಾಲಲಿಲ್ಲ, ಎರಡೂ ಕೈ ಬೇಕಾಯಿತು, ಆದರೆ ರಿಮ್ಮು ಟಪ್ ಎಂದು ಕೂತಿತು. ಶಾಭಾಸ್ ಕೇಳಲೆಂದು ತಲೆಯೆತ್ತಿದರೆ ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ನೆಲದ ಮೇಲಿದ್ದ ಅಜ್ಜಿಯ ಕಾಲುಗಳನ್ನು ನೋಡುತ್ತಿದ್ದರು, ಅಜ್ಜಿಯೂ ಅವನ್ನೇ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ನೆಲವೆಲ್ಲ ಎಣ್ಣೆ, ಇಷ್ಟು ವರ್ಷ ಇಳಿಯದೆ ಇದ್ದದ್ದೇ ಒಳ್ಳೆಯದಾಯಿತು ಎಂದರು.

ಮರುವರ್ಷ ನವಮಿಗೆ ಆರತಿ ಮುಗಿಯುವ ಹೊತ್ತಿಗೆ ಮತ್ತೆ ಬಾಗಿಲಲ್ಲಿ ಪೋಂ ಎಂದಿತು. ಕಾರು ನಿಂತದ್ದೇ ತಡ ಅಜ್ಜಿ ಕೈಯಲ್ಲಿ ಚೆಂಡು ಹೂವಿನ ಮಾಲೆ ಹಿಡಿದು ತಾವಾಗಿಯೇ ಇಳಿದರು. ಚಾಚಾ ಬಗ್ಗಿ ನಾಲ್ಕೂ ಗಾಲಿ ಮುಟ್ಟಿ ನೋಡಿದ. ನಾಲ್ಕೂ ಟೈರ್ ಗಟ್ಟಿಯಾಗಿದ್ದವು, ಮೊಳೆಯಿಲ್ಲ, ಸೀಳಿಲ್ಲ. ಅಜ್ಜಿ ಆತನ ಮುಖ ನೋಡದೆ ಪೀಪಾಯಿಯನ್ನೇ ನೋಡುತ್ತ ನಿಂತಿದ್ದರು.

ಚಾಚಾ ಅಜ್ಜಿಯ ಕೈಯಲ್ಲಿದ್ದ ಮಾಲೆಯನ್ನು ನೋಡಿದ. ಆಮೇಲೆ ಹಿಂದಿನ ಎಡ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತು, ವಾಲ್ವಿನ ಮುಚ್ಚಳ ಬಿಚ್ಚಿ, ಉಗುರಿನಿಂದ ಒತ್ತಿ ಹಿಡಿದ. ಸುಯ್ ಎಂದು ಗಾಳಿಯೆಲ್ಲ ಹೋಗಿ ಟೈರ್ ನೆಲಕ್ಕೆ ಕೂತಿತು. ಎದ್ದು ಕೈ ಒರೆಸಿಕೊಂಡು, ಟೋಪಿ ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಹೇಳಿದ:

"ಮೇಮ್‌ಸಾಬ್, ಪಂಕ್ಚರ್ ಆಗಿದೆ."